ನಡುಕೋಣೆಯ ಆಲದ ಗಿಡ

ದಾವಣಗೆರೆ ಜಿಲ್ಲೆಯಾದ ಮರುವರ್ಷ ನನ್ನ ತಂಗಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಹರಿಹರದ ಅವಳ ಮನೆಯ ಮುಂಭಾಗವೆಲ್ಲ ಗಂಡನ ಕಿರಾಣಿ ಅಂಗಡಿ. ಹಿಂದೆ ಅಡುಗೆಮನೆ, ಬಚ್ಚಲು. ಇವೆರಡರ ನಡುವೆ, ದೇವರಕೋಣೆಗೆ ಹೊಂದಿಕೊಂಡ ಕೋಣೆಯಲ್ಲಿ ಅವಳ ಮಂಚ ಹಾಕಿದ್ದರು. ಅದಕ್ಕೆ ಕಿಟಕಿ ಇಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಮಂಗಗಳ ಕಾಟಕ್ಕೆ ಅದರ ಮೇಲೂ ತಗಡು ಮುಚ್ಚಿದ್ದರು. ಹಗಲಲ್ಲೂ ಟ್ಯೂಬ್‌ಲೈಟ್ ಉರಿಯಬೇಕು. ಅಂಗಡಿಯ ಕಡೆ ಮಂಚ ಹಾಕಿಸಿಕೊಳ್ಳಲು ತಂಗಿಯೇ ಒಪ್ಪಲಿಲ್ಲ. ಸೊಟ್ಟಗಾದ ತನ್ನ ಬಾಯನ್ನು ಅಂಗಡಿಗೆ ಬಂದವರು ನೋಡುವುದು ಅವಳಿಗೆ ಬೇಕಿರಲಿಲ್ಲ.

ಆ ಕೋಣೆಗೆ ಅವಳು ಕೇಳಿ ತರಿಸಿಕೊಂಡದ್ದು ಒಂದೇ ವಸ್ತು, ಅವಳ ಆಲದ ಬೋನ್ಸಾಯ್. ಹೊಳೆಯ ಕಡೆಯ ಹಳೆಯ ಗೋಡೆಯೊಂದರ ಬಿರುಕಿನಲ್ಲಿ ಹುಟ್ಟಿದ್ದ ಸಸಿ ಅದು. ಕಿತ್ತು ತಂದು, ಫಲಪುಷ್ಪ ಪ್ರದರ್ಶನಕ್ಕೆ ಬಂದವರನ್ನು ಕೇಳಿ ಕಲಿತು, ತಂತಿ ಸುತ್ತಿ, ಬೇರು ಕತ್ತರಿಸಿ, ಮೊಳಕೈ ಎತ್ತರದ ಮರ ಮಾಡಿದ್ದಳು. ಒಂದು ಕೊಂಬೆ ಮಾತ್ರ ಕುಂಡದ ಅಂಚು ದಾಟಿ, ಕೆಳಗೆ ನೀರಿದೆಯೇನೋ ಎಂಬಂತೆ ಬಾಗಿತ್ತು. ನೋಡಿದವರೆಲ್ಲ ಮೊದಲು ಆ ಕೊಂಬೆಯನ್ನೇ ಮುಟ್ಟುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ಕೊಂಡಜ್ಜಿಯ ಗೈಡ್ಸ್ ಶಿಬಿರಗಳಲ್ಲಿ ಸೀಟಿ ಊದಿ ಹುಡುಗಿಯರನ್ನು ಎಬ್ಬಿಸಿ, ಹಾಸಿಗೆ ಮಡಚಿಸಿ, ಸಾಲು ನಿಲ್ಲಿಸಿದವಳು. ನಿವೃತ್ತಿಯಾದ ಮೇಲೂ ಹೊತ್ತಿಗೆ ಸರಿಯಾಗಿ ಏಳುವುದು, ಹೊತ್ತಿಗೆ ಸರಿಯಾಗಿ ಉಣ್ಣುವುದು ಬಿಟ್ಟಿಲ್ಲ. ಗುರುವಾರ ತಂಗಿಯ ಮನೆಗೆ ಎಂದು ಗೊತ್ತು ಮಾಡಿಕೊಂಡಿದ್ದೆ. ಹೋದ ಕೂಡಲೇ ಅವಳ ತಲೆ ಬಾಚುವುದು, ಕಾಲು ತಿಕ್ಕುವುದು, ಆಮೇಲೆ ಮಾತು.

ಒಂದು ಗುರುವಾರ ಹಾಸಿಗೆಯ ಮೇಲೆಲ್ಲ ಹಳದಿ ಎಲೆ ಬಿದ್ದಿದ್ದವು. ಕುಂಡದ ಮಣ್ಣಿನ ಮೇಲೆ ಸುಣ್ಣದಂಥ ಬಿಳಿ ಪದರು ಕಟ್ಟಿತ್ತು. ಬೆರಳು ಚುಚ್ಚಿದರೆ ಒಳಗೆ ಕೆಸರು. ಮೂಸಿದೆ. ಒಡೆದ ಹಾಲಿನ ವಾಸನೆ.

"ಯಾರೇ ಇದಕ್ಕ ನೀರು ಹಾಕೋರು?"

ತಂಗಿ ದೇವರಕೋಣೆಯ ಕಡೆ ಕಣ್ಣು ಹೊರಳಿಸಿದಳು.

ಅವಳ ಗಂಡ ಲಿಂಗಪೂಜೆ ತಪ್ಪಿಸಿದವರಲ್ಲ. ಅಭಿಷೇಕದ ನೀರನ್ನು ತುಳಿದಾಡುವ ಕಡೆ ಚೆಲ್ಲುವಂತಿಲ್ಲ, ಗಿಡದ ಬುಡಕ್ಕೇ ಹಾಕಬೇಕು. ಹಿಂದೆಲ್ಲ ಅದು ಹಿತ್ತಲಿನ ಪತ್ರೆ ಗಿಡಕ್ಕೆ ಹೋಗುತ್ತಿತ್ತು. ತಂಗಿಯನ್ನು ಗಾಲಿಕುರ್ಚಿಯಲ್ಲಿ ಬಚ್ಚಲಿಗೆ ಒಯ್ಯಲು ಅನುಕೂಲವಾಗಲೆಂದು ಪತ್ರೆ ಗಿಡ ತೆಗೆಸಿ, ಹಿತ್ತಲಿಗೆ ಸಿಮೆಂಟು ಹಾಕಿಸಿದ್ದರು. ಈಗ ಆ ಮನೆಯಲ್ಲಿ ಮಣ್ಣು ಅಂತ ಇದ್ದದ್ದು ಈ ಕುಂಡದಲ್ಲಿ ಮಾತ್ರ. ಹಾಲು, ವಿಭೂತಿ ಕೂಡಿದ ನೀರು ದಿನವೂ ಇದಕ್ಕೇ ಬೀಳುತ್ತಿತ್ತು. ಬೆಳಕು ಕಾಣದ ಗಿಡ ಅಷ್ಟು ನೀರನ್ನು ಕುಡಿಯುವುದಾದರೂ ಹೇಗೆ?

ಅವರನ್ನು ಅಂಗಡಿಯಿಂದ ಕರೆದು ಹೇಳಿದೆ. "ಪೂಜಿ ನೀರು ಇದಕ್ಕ ಹಾಕಬ್ಯಾಡ್ರಿ. ಬೇರು ಕೊಳೀತೈತೆ."

"ದೇವ್ರ ನೀರಿಗೆ ಕೊಳೀತೈತಾ ಅಕ್ಕಾರೆ?" ಎಂದು ನಕ್ಕರು. "ಸಾಲ್ಯಾಗ ಹುಡುಗ್ರನ್ನ ಬೈದಂಗೆ ಬೈತೀರಲ್ರಿ ನನ್ನ." ಆಮೇಲೆ ದನಿ ತಗ್ಗಿಸಿ, "ಆಕಿ ಹೆಸರ್ಲೇ ಹಾಕ್ತೀನ್ರಿ. ಎದ್ದು ಓಡಾಡ್ಲಿ ಅಂತ. ಇದಕ್ಕ ಬ್ಯಾಡ ಅಂದ್ರ ಮತ್ತೆಲ್ಲಿ ಹಾಕ್ಲಿ?"

"ಹೊಳಿ ಹತ್ರನೇ ಐತಲ್ರಿ. ಅಲ್ಲಿ ಬಿಟ್ಟು ಬರ್ರಿ. ನಿಮಗೂ ಒಂದು ವಾಕಿಂಗ್ ಆತು."

ಯೋಚಿಸಿ, ಆಗಲಿ ಎಂದು ತಲೆಯಾಡಿಸಿದರು. ಅವರು ಅಂಗಡಿಗೆ ಹೋದ ಮೇಲೆ ತಂಗಿ ತೊದಲುತ್ತ ಹೇಳಿದಳು. "ನನಗ ಗೊತ್ತಿತ್ತಕ್ಕ. ಬೇರು ಹೋಗ್ತೈತೆ ಅಂತ."

"ಗೊತ್ತಿದ್ದೂ ಯಾಕ ಸುಮ್ಮನಿದ್ದಿ?"

"ಅವ್ರಿಗೆ ಬ್ಯಾಡ ಅಂತ ಹೆಂಗೆ ಹೇಳ್ಲಿ?" ಎಂದಳು. ಎಡಗೈಯಿಂದ ಕುಂಡ ತೋರಿಸಿ, "ಒಯ್ಯಿ. ಬದುಕಿಸಿ ತಗಂಬಾ. ಇಲ್ಲಿ ನನ್ನ ಕಣ್ಮುಂದೆ ಇರಬೇಕದು" ಎಂದಳು.

ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಕೊಂಬೆಗಳು ಪಕ್ಕದ ಸೀಟಿಗೂ ಚಾಚಿದ್ದಕ್ಕೆ ಕಂಡಕ್ಟರ್ ರೇಗಿದ. "ಅಮ್ಮಾರೆ, ಮರನ ಆ ಕಡೆ ಸರಿಸ್ರಿ. ಇಲ್ಲಾಂದ್ರೆ ಅದಕ್ಕೂ ಒಂದು ಟಿಕೆಟ್ ಹರೀತೀನಿ."

"ಅರ್ಧ ಟಿಕೆಟ್ ಹರಿಯಪ್ಪ, ಇನ್ನೂ ಮೊಳಕೈ ಉದ್ದ ಐತೆ" ಎಂದೆ. ಹಿಂದಿನ ಸೀಟಿನವರು ನಕ್ಕರು.

ಎಂ.ಸಿ.ಸಿ. ಬಡಾವಣೆಯ ನನ್ನ ಮನೆಗೆ ಪೂರ್ವಕ್ಕೆ ಬಾಲ್ಕನಿ ಇದೆ. ಗಿಡವನ್ನು ಕುಂಡದಿಂದ ಎತ್ತಿ ಬಕೆಟ್ಟಿನಲ್ಲಿ ಬೇರು ತೊಳೆದೆ. ಅರ್ಧಕ್ಕಿಂತ ಹೆಚ್ಚು ಬೇರು ಕಪ್ಪಾಗಿ ಕೈಗೆ ಅಂಟುತ್ತಿತ್ತು. ಬಿಳಿ ಕಾಣುವವರೆಗೆ ಕತ್ತರಿಸಿದೆ. ಕೆಮ್ಮಣ್ಣು, ಹೊಳೆಯ ಮರಳು, ಇಟ್ಟಿಗೆ ಚೂರು ಬೆರೆಸಿ, ನೀರು ನಿಲ್ಲದಂತೆ ಹೊಸದಾಗಿ ನೆಟ್ಟೆ. ಕತ್ತಲಲ್ಲಿದ್ದ ಗಿಡವನ್ನು ಒಮ್ಮೆಲೇ ದಾವಣಗೆರೆಯ ಬಿಸಿಲಿಗೆ ಇಟ್ಟರೆ ಸುಟ್ಟುಹೋಗುತ್ತದೆ. ಮೊದಲು ಬಾಗಿಲ ಒಳಗೆ, ಆಮೇಲೆ ಬಿಳಿ ಸೀರೆ ಕಟ್ಟಿದ ನೆರಳಲ್ಲಿ, ಕೊನೆಗೆ ಎಳೆ ಬಿಸಿಲಿಗೆ ಇಟ್ಟೆ. ಬೆರಳಿಗೆ ಮಣ್ಣು ಒಣಗಿದೆ ಅನ್ನಿಸಿದರೆ ಮಾತ್ರ ನೀರು. ಗೊಬ್ಬರ ಇಲ್ಲವೇ ಇಲ್ಲ. ಎಲ್ಲ ಕಡೆಗೂ ಬೆಳಕು ಸಿಗಲೆಂದು ಕುಂಡವನ್ನು ದಿನವೂ ಸ್ವಲ್ಪ ತಿರುಗಿಸುತ್ತಿದ್ದೆ. ಇದೆಲ್ಲ ತಂಗಿ ಮಲಗಿದಲ್ಲಿಂದ ಹೇಳಿಕೊಟ್ಟದ್ದು. ಗುರುವಾರ ಕೇಳಿಕೊಂಡು ಬಂದದ್ದನ್ನು ನಾನು ಚಾಚೂ ತಪ್ಪದೆ ಮಾಡುತ್ತಿದ್ದೆ.

ಬಾಗಿದ ಕೊಂಬೆ ಮಾತ್ರ ಉಳಿಯಲಿಲ್ಲ.

"ಉಗುರಲ್ಲಿ ಕೆರೆದು ನೋಡ್ದ್ಯಾ?" ಎಂದು ಕೇಳಿದಳು. "ಒಳಗ ಹಸಿರೈತಾ?"

"ಇಲ್ಲ. ಬೆಂಡು ಬೆಂಡು ಐತೆ."

"ಕಡಿದ್ಬಿಡು. ಇಲ್ಲಾಂದ್ರೆ ಒಣಗಿದ್ದು ಬುಡಕ್ಕ ಇಳೀತೈತೆ."

ಕಡಿದೆ. ಉಳಿದದ್ದು ಬೋಳು ಮೋಟು. ಬೇಸಿಗೆಯೆಲ್ಲ ಹಾಗೇ ನಿಂತಿತ್ತು. ಮಳೆ ಶುರುವಾದ ಮೇಲೆ ಒಂದು ಬೆಳಿಗ್ಗೆ ತುದಿಯಲ್ಲಿ ಕೆಂಪಗೆ ಚೂಪಾದ ಮೊಗ್ಗು ಕಂಡಿತು. ಆಮೇಲೆ ಎಲೆ, ಇನ್ನೊಂದು ಎಲೆ.

ಗುರುವಾರಕ್ಕೆ ಕಾಯದೆ ಅಂದೇ ಹರಿಹರಕ್ಕೆ ಹೋಗಿ ಹೇಳಿದೆ. ತಂಗಿ ನಕ್ಕಳು. ನಗು ಹೆಚ್ಚು ಹೊತ್ತು ಇರಲಿಲ್ಲ.

"ಅಕ್ಕ, ಒಂದು ಮಾತು. ಮೊದ್ಲು ಪೂಜಿ ಮುಗಿಸಿ ಅವ್ರು ಇಲ್ಲಿಗೆ ಬರ್ತಿದ್ರು. ಗಿಡಕ್ಕ ನೀರು ಹಾಕಿ, ಹೆಂಗಿದ್ದಿ ಅಂತಿದ್ರು. ನಿದ್ದಿ ಬಂತಾ ಅಂತಿದ್ರು. ಈಗ ತಂಬಿಗಿ ಹಿಡ್ಕಂಡು ಸೀದಾ ಹೊಳಿಗೆ ಹೋಗ್ತಾರ."

ನನಗೆ ಆಗ ತಿಳಿಯಿತು. ಆ ಮನೆಯಲ್ಲಿ ಗಂಡ ಹೆಂಡತಿ ಹಗಲು ಹೊತ್ತು ಕೂತು ಮಾತಾಡುವ ರೂಢಿ ಮೊದಲಿನಿಂದಲೂ ಇಲ್ಲ. ಉಣ್ಣಲು ಕೂತಾಗ ಬಡಿಸುತ್ತ ಅವಳು ಹೇಳಿದ್ದು, ಕೈ ತೊಳೆಯುತ್ತ ಅವರು ಹೇಳಿದ್ದು, ಅಷ್ಟೇ ಅವರ ಸಂಸಾರದ ಮಾತು. ಅವಳು ಹಾಸಿಗೆ ಹಿಡಿದ ಮೇಲೆ ಬಡಿಸುವ ಕೆಲಸವೂ ಬೇರೆಯವರಿಗೆ ಹೋಯಿತು. ಆ ಕೋಣೆಗೆ ಬರಲು ಅವರಿಗೆ ಉಳಿದಿದ್ದ ಕಾರಣ ಕುಂಡ ಒಂದೇ. ಅದನ್ನು ನಾನು ಎತ್ತಿಕೊಂಡು ಹೋಗಿದ್ದೆ.

ಸರಿಪಡಿಸಬಹುದು ಅಂದುಕೊಂಡೆ. ಬೆಳಕಿಂಡಿಯ ತಗಡು ತೆಗೆಸಿ ಗಾಜು ಕೂರಿಸಿದೆ. ಗಿಡ ತಂದು ಬೆಳಕು ಬೀಳುವ ಕಡೆ ಸ್ಟೂಲಿನ ಮೇಲೆ ಇಟ್ಟೆ. ತಂಗಿಯ ಗಂಡನನ್ನು ಕರೆದು, "ಒಂದು ಚಮಚ ಬರೀ ನೀರು ನೀವೇ ದಿನಾ ಹಾಕ್ರಿ, ಪೂಜಿ ನೀರು ಬ್ಯಾಡ" ಎಂದೆ.

"ಆತ್ರಿ ಅಕ್ಕಾರೆ" ಎಂದರು.

ಆದರೆ ಹೊಳೆಯ ಮೆಟ್ಟಿಲ ಮೇಲೆ ಅವರಿಗೆ ಆಗಲೇ ಜೊತೆ ಸಿಕ್ಕಿತ್ತು. ವಾರಿಗೆಯ ನಾಲ್ಕಾರು ಮಂದಿಯೊಡನೆ ಮಾತಾಡಿ, ಚಹಾ ಕುಡಿದು, ನೇರ ಅಂಗಡಿಗೆ ಬರುತ್ತಿದ್ದರು. ಮುಖಕ್ಕೆ ಕಳೆ ಬಂದಿತ್ತು. ತಪ್ಪು ಹೇಳುವಂಥದ್ದೇನೂ ಅಲ್ಲ. ಗಿಡಕ್ಕೆ ನೀರು ಹಾಕುವ ಕೆಲಸ ತಂಗಿಯ ಮೈ ತೊಳೆಸಲು ಬರುವ ಹೆಂಗಸಿಗೆ ಹೋಯಿತು. ಗಾಜಿನಿಂದ ಇಳಿಯುವ ಬಿಸಿಲು ಸ್ವಲ್ಪ ಹೊತ್ತು ಸ್ಟೂಲಿನ ಮೇಲಿದ್ದು ಗೋಡೆಗೆ ಸರಿಯುತ್ತಿತ್ತು. ಗಿಡಕ್ಕೆ ಅದು ಸಾಲದು. ಮತ್ತೆ ಎಲೆ ಹಳದಿಯಾದವು.

ನಾನು ಇರುವಾಗಲೇ ಒಂದು ಸಲ ಅವರು ಬಂದರು. ಹಿಂದಿನ ದಿನ ನಾನೇ ಅಂಗಡಿಗೆ ಫೋನ್ ಮಾಡಿ, ಆಕೆಯ ಹತ್ತಿರ ಒಂದಿಷ್ಟು ಹೊತ್ತು ಕೂಡ್ರಿ ಎಂದು ಹೇಳಿದ್ದೆ. ಹೊಸ್ತಿಲಲ್ಲಿ ನಿಂತು ಕೈ ಎಲ್ಲಿಡಬೇಕೋ ತಿಳಿಯದೆ ಪಂಚೆಯ ತುದಿ ಹಿಡಿದುಕೊಂಡರು.

"ಏನಾರ ಬೇಕಾ?" ಎಂದು ತಂಗಿಯನ್ನು ಕೇಳಿದರು.

"ಏನಿಲ್ರಿ."

"ಹಂಗಾರೆ..." ಎಂದು ನನ್ನನ್ನೂ ಒಮ್ಮೆ ನೋಡಿ, "ಗಿರಾಕಿ ಅದಾರ" ಎಂದು ಹೊರಟುಹೋದರು.

"ಅವ್ರಿಗೆ ಹೇಳಬ್ಯಾಡಕ್ಕ ಇನ್ಮ್ಯಾಲೆ" ಎಂದಳು ತಂಗಿ. "ಹೇಳಿಸ್ಕೊಂಡು ಬಂದ್ರೆ ಅದು ಬಂದಂಗಲ್ಲ. ಗಿಡನೂ ಒಯ್ದುಬಿಡು."

"ಕಣ್ಮುಂದೆ ಇರ್ಲಿ ಅಂದಿದ್ಯಲ್ಲೇ."

"ಇಲ್ಲಿದ್ರೆ ಸಾಯ್ತೈತೆ. ಒಯ್ಯಿ."

ಅವಳು ಹೇಳಿದ್ದು ಸರಿಯಿತ್ತು, ಒಯ್ದೆ. ಗಿಡಕ್ಕೆ ಏನು ಬೇಕೋ ಅದನ್ನು ಮಾಡಿದ್ದೆ, ಈಗಲೂ ಅದನ್ನೇ ಮಾಡುತ್ತೇನೆ. ಕೊಳೆತ ಬೇರಿಗೆ ಇನ್ನಷ್ಟು ನೀರು ಸುರಿಯಿರಿ ಎಂದು ಯಾರಿಗೂ ಹೇಳಲಾರೆ. ತಂಗಿಗೆ ಏನು ಬೇಕಿತ್ತೋ ಅದನ್ನು ಬೆಳಕು, ಮರಳು, ಇಟ್ಟಿಗೆ ಚೂರಿನಿಂದ ಮಾಡಿಕೊಡಲು ಬರುವಂತಿರಲಿಲ್ಲ.

ಬಾಲ್ಕನಿಯಲ್ಲಿ ಗಿಡ ಮತ್ತೆ ಚಿಗುರಿತು. ಮುಂದಿನ ಗುರುವಾರ ತಲೆ ಬಾಚುತ್ತ ಅವಳಿಗೆ ಹೇಳಿದೆ. "ಹೌದಾ" ಎಂದಳು. ಎಷ್ಟು ಎಲೆ, ಯಾವ ಕಡೆ ಎಂದು ಕೇಳುತ್ತಾಳೆಂದು ಕಾದೆ. ಕೇಳಲಿಲ್ಲ. ಅದಾದ ಮೇಲೆ ಅವಳು ಗಿಡದ ಮಾತು ಎತ್ತಲಿಲ್ಲ, ನಾನೂ ಹೇಳುವುದನ್ನು ಬಿಟ್ಟೆ. ಜಡೆ ಹಾಕಿ, ಕಾಲು ತಿಕ್ಕಿ, ಸಂಜೆಯ ಬಸ್ಸಿಗೆ ಹೊರಟು ಬರುತ್ತಿದ್ದೆ.