ಅವಿನಾಶಿಯ ಸ್ಟುಡಿಯೋ ಮುಂದೆ

ಹೋದ ವಾರ ನಮ್ಮ ನಡುಮನೆಯ ಗೋಡೆಯಿಂದ ಅತ್ತೆ-ಮಾವನ ಫೋಟೋ ಕೆಳಗೆ ಬಿತ್ತು. ಮೊಳೆ ತುಕ್ಕು ಹಿಡಿದಿತ್ತು, ಅಷ್ಟೆ. ಗಾಜು ಗುಡಿಸುವುದನ್ನು ಅರ್ಧಕ್ಕೆ ನಿಲ್ಲಿಸಿ ಚೌಕಟ್ಟಿನ ಹಿಂದಿನ ರಟ್ಟು ಬಿಡಿಸುತ್ತಿದ್ದಾಗ ಒಂದು ವಾಸನೆ ಮೂಗಿಗೆ ಬಡಿಯಿತು. ಹಳೆಯ ಅಂಟು, ಧೂಳು, ಜೊತೆಗೆ ಯಾವುದೋ ಔಷಧಿಯ ಹುಳಿ ನಾತ. ನೀವೂ ನನ್ನ ವಯಸ್ಸಿನವರಾದರೆ ನಿಮಗೆ ಗೊತ್ತಿರುತ್ತದೆ, ಅದು ಹಿಂದಿನ ಕಾಲದ ಫೋಟೋ ಸ್ಟುಡಿಯೋಗಳ ವಾಸನೆ. ಪೊರಕೆ ಪಕ್ಕದಲ್ಲೇ ಇತ್ತು, ನಾನು ಮಾತ್ರ ತಮಿಳುನಾಡಿನ ಅವಿನಾಶಿ ಎಂಬ ಊರಿಗೆ ಹೋಗಿಬಿಟ್ಟಿದ್ದೆ.

ನಮ್ಮದು ಕೊಯಮತ್ತೂರಿನ ಪಕ್ಕದ ಪೆರಿಯನಾಯಕನಪಾಳ್ಯಂ. ಅಪ್ಪ ಮಗ್ಗದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮ್ಮ ಕನ್ನಡದಲ್ಲೂ ಮದುವೆಗೆ ಕಲ್ಯಾಣ, ಗಂಡಿಗೆ ಮಾಪಿಳ್ಳೆ. ನಾನು ಕನ್ನಡ ಅಕ್ಷರ ತಿದ್ದಿದ್ದು ಮದುವೆಯಾಗಿ ಮೈಸೂರಿಗೆ ಬಂದಮೇಲೆ, ಒಂದನೇ ತರಗತಿಯ ಮಗಳ ಪಕ್ಕದಲ್ಲಿ ಕೂತು. ಅವಳು ಬೇಗ ಕಲಿತಳು. ನಾನು ಇವತ್ತಿಗೂ ಕ, ಖ ಬರುವಲ್ಲಿ ಸ್ವಲ್ಪ ತಡೆದು ಬರೆಯುತ್ತೇನೆ.

ಈಶ್ವರಿ ನಮ್ಮ ಎದುರು ಮನೆಯವಳು. ನನಗಿಂತ ಆರು ತಿಂಗಳಿಗೆ ದೊಡ್ಡವಳು, ಧೈರ್ಯದಲ್ಲಿ ಆರು ವರ್ಷ ದೊಡ್ಡವಳು. ಎಂಬತ್ತರ ದಶಕದ ನಡುವೆ, ನಮಗೆ ಇಪ್ಪತ್ತೊಂದಾಗಿದ್ದಾಗ, ಅವಳಿಗೆ ತಿರುಪ್ಪೂರಿನ ನಟರಾಜು ಎಂಬವನ ಜೊತೆ ನಿಶ್ಚಯವಾಯಿತು. ನಮ್ಮ ಜನವೇ, ಬನಿಯನ್ ಕಂಪನಿಯಲ್ಲಿ ಮೇಲ್ವಿಚಾರಕ. ನಿಶ್ಚಯದ ದಿನ ಅವಳು ತಗ್ಗಿಸಿದ ತಲೆ ಎತ್ತಲಿಲ್ಲ. ಎತ್ತಬಾರದು ಅಂತ ಅವಳ ದೊಡ್ಡಮ್ಮ ಪಕ್ಕದಲ್ಲೇ ಕಾವಲಿದ್ದರು. ನನಗೆ ಅಂಥ ಕಾವಲಿರಲಿಲ್ಲ. ಕಂಬದ ಮರೆಯಲ್ಲಿ ನಿಂತು ಮಾಪಿಳ್ಳೆಯನ್ನು ಮನಸಾರೆ ನೋಡಿದೆ. ಅಗಲ ಹಣೆ, ಎಡಹುಬ್ಬನ್ನು ಎರಡು ಮಾಡಿದ ಹಳೇ ಗಾಯದ ಗೆರೆ, ನಕ್ಕರೆ ಒಂದೇ ಕಡೆ ಮೇಲೇಳುವ ತುಟಿ. ಆ ಸಂಜೆ ಅವಳು ಕೇಳಿದಳು.

"ಹೇಗಿದ್ದಾರೆ?"

"ನಿನಗಿಂತ ಬಿಳುಪು" ಅಂದೆ. ಅವಳು ದಿಂಬು ಎಸೆದಳು.

ಮದುವೆಗೆ ಇಪ್ಪತ್ತೈದು ದಿನ ಇದ್ದಾಗ ನಮಗೊಂದು ಇಡೀ ದಿನ ಸಿಕ್ಕಿತು. ರಿಬ್ಬನ್, ಬಳೆ, ರವಿಕೆಗೆ ಲೇಸು ತರುವ ನೆಪ. "ಜೊತೆಗೆ ಇವಳಿರ್ತಾಳಲ್ಲ, ಭಯ ಇಲ್ಲ" ಅಂದರು ಅವಳಮ್ಮ ನನ್ನನ್ನು ತೋರಿಸಿ. ಅಡಕವಾದ, ತಗ್ಗಿಬಗ್ಗಿ ನಡೆಯುವ ಹುಡುಗಿ ಎಂದು ನನಗೆ ಹೆಸರಿತ್ತು. ನಿಜ ಏನೆಂದರೆ ನನಗೆ ಎಲ್ಲದಕ್ಕೂ ಹೆದರಿಕೆ, ಜನ ಅದನ್ನೇ ಒಳ್ಳೆಯ ಗುಣ ಎಂದುಕೊಂಡಿದ್ದರು. ಕೊಯಮತ್ತೂರು ಪೇಟೆಗೆ ಹೋಗುತ್ತೇವೆಂದು ಹೇಳಿ ಹೊರಟೆವು. ಬಸ್ ನಿಲ್ದಾಣದಲ್ಲಿ ಈಶ್ವರಿ ನನ್ನನ್ನು ಎದುರು ದಿಕ್ಕಿನ ಬಸ್ಸಿಗೆ ಹತ್ತಿಸಿದಳು. "ಪೇಟೆಯಲ್ಲಿ ಮೂಲೆಗೊಬ್ಬ ಚಿಕ್ಕಪ್ಪ ನಿಂತಿರ್ತಾರೆ. ನಾವು ಯಾರಿಗೂ ಗೊತ್ತಿಲ್ಲದ ಊರಿಗೆ ಹೋಗಣ."

ಮೇಟ್ಟುಪಾಳ್ಯಂನಲ್ಲಿ ಬಸ್ ಬದಲಿಸಿ ಅನ್ನೂರಿನಲ್ಲಿ ಇಳಿದೆವು. ಅಲ್ಲೊಂದು ಸಣ್ಣ ಹೋಟೆಲು. ಹೆಂಗಸರು ಬಂದರೆ ಒಳಗಿನ ಫ್ಯಾಮಿಲಿ ರೂಮಿಗೆ ಅಟ್ಟುತ್ತಿದ್ದ ಕಾಲ. ರೂಮೆಂದರೆ ಮೂರು ಕಡೆ ಹಲಗೆ, ನಾಲ್ಕನೆಯ ಕಡೆ ಒಂದು ಪರದೆ. ಆ ಪರದೆಯಲ್ಲಿ ಕೈ ಒರೆಸದೆ ಹೋದ ಸಂಸಾರ ಆ ತಾಲ್ಲೂಕಿನಲ್ಲಿ ಇರಲಿಲ್ಲ ಅಂತ ಕಾಣುತ್ತದೆ. ಉದ್ದಿನ ವಡೆ ತಿಂದೆವು, ಇನ್ನೊಂದು ತರಿಸಿ ಅರ್ಧ ಮಾಡಿಕೊಂಡೆವು, ಕಾಫಿ ಕುಡಿದೆವು. ಈಶ್ವರಿ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಇನ್ನು ಮೇಲೆ ಒಂದು ವಡೆ ತಿನ್ನೋಕೆ ಯಾರ್ಯಾರನ್ನ ಕೇಳ್ಬೇಕೋ" ಅಂದಳು. ದುಃಖವೇನೂ ಇರಲಿಲ್ಲ ಅವಳ ದನಿಯಲ್ಲಿ. ಅಷ್ಟು ಹಗುರವಾಗಿ ಅವಳನ್ನು ನಾನು ನೋಡಿದ್ದೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಅವಿನಾಶಿ. ಬಳೆ ಅಂಗಡಿಯಲ್ಲಿ ಒಂದು ಗಂಟೆ, ಲೇಸಿನ ಅಂಗಡಿಯಲ್ಲಿ ಇನ್ನೊಂದು. ಪಾತ್ರೆ ಅಂಗಡಿಯಲ್ಲಿ ಏನೂ ಕೊಳ್ಳದೆ ಎಲ್ಲ ತಪ್ಪಲೆಗಳನ್ನೂ ಬೆರಳಿನಿಂದ ಬಡಿದು ನೋಡಿದೆವು. ಆಮೇಲೆ ಬೀದಿ ದಾಟಿ ನೆರಳಿಗೆ ಬಂದರೆ ಅಲ್ಲೊಂದು ಫೋಟೋ ಸ್ಟುಡಿಯೋ. ಮುಂದುಗಡೆ ಗಾಜಿನ ಪೆಟ್ಟಿಗೆ, ಅದರಲ್ಲಿ ಮಾದರಿಯ ಫೋಟೋಗಳು. ಬೋರಲು ಮಲಗಿದ ಬೆತ್ತಲೆ ಮಗು. ಕನ್ನಡಿಗೆ ಬೆನ್ನು ಮಾಡಿ ಹೂವಿನ ಜಡೆ ತೋರಿಸುವ ಹುಡುಗಿ. ಕೆಳಗಿನ ಸಾಲಿನಲ್ಲಿ, ಕೈಯಿಂದ ಬಣ್ಣ ಹಚ್ಚಿದ ಒಂದು ಜೋಡಿ, ಕೊರಳಲ್ಲಿ ಹಾರ.

ಎಡಹುಬ್ಬಿನಲ್ಲಿ ಗಾಯದ ಗೆರೆ. ಒಂದೇ ಕಡೆ ಮೇಲೆದ್ದ ತುಟಿ.

ಆಗ ನಾನು ಏನು ಮಾಡಿದೆ ಎಂದು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಈಶ್ವರಿಯ ಮೊಣಕೈ ಹಿಡಿದು, "ಬಾ, ಆ ಕಡೆ ಇನ್ನೊಂದು ಬಳೆ ಅಂಗಡಿ ಇದೆ" ಎಂದು ಎಳೆದೆ. ಅವಳು ಅವನ ಮುಖ ಸರಿಯಾಗಿ ನೋಡಿಲ್ಲ, ಗುರುತು ಹತ್ತುವುದಿಲ್ಲ, ಬಸ್ ಹತ್ತಿ ಹೋಗಿಬಿಡಬಹುದು ಅಂತ ನನ್ನ ಲೆಕ್ಕ. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಕದಲಲೂ ಇಲ್ಲ. ನನ್ನ ಮುಖ ಒಂದು ಸಲ ನೋಡಿದಳು, ಪೆಟ್ಟಿಗೆಯ ಕೆಳಸಾಲು ನೋಡಿದಳು. ಆಮೇಲೆ ಮೆಟ್ಟಿಲು ಹತ್ತಿ ಒಳಗೆ ಹೋದಳು.

ಒಳಗೆ ಆ ಹುಳಿ ವಾಸನೆ. ಸ್ಟುಡಿಯೋದವರು ವಯಸ್ಸಾದವರು, ಕುರ್ಚಿ ಒರೆಸಿ ಕೂರಿಸಿದರು. ಈಶ್ವರಿ ತಮಿಳಿನಲ್ಲಿ, ಸೊಪ್ಪಿನ ಬೆಲೆ ಕೇಳುವವಳಂತೆ ಕೇಳಿದಳು, "ಕೆಳಗಿರೋ ಜೋಡಿ ಫೋಟೋ ಚೆನ್ನಾಗಿದೆ. ನಮ್ಮನೇಲೂ ಮದುವೆ ಇದೆ. ಅವರು ಈ ಊರಿನವರಾ?"

"ನಮ್ಮ ಸೆಲ್ವಿ ಅಲ್ವಾಮ್ಮ ಅದು. ಎಣ್ಣೆ ಗಾಣದ ಹಿಂದಿನ ಸಂದು, ಮೂರನೇ ಮನೆ. ಯಜಮಾನರು ತಿರುಪ್ಪೂರಲ್ಲಿ ಕೆಲಸ, ಶನಿವಾರ ಬರ್ತಾರೆ. ಫೋಟೋ ತೆಗೆದು ಎರಡು ವರ್ಷ ಆಯ್ತು. ಈಗ ಮಗೂನೂ ಆಗಿದೆ."

ಹೊರಗೆ ಬಂದಮೇಲೆ ನಾನು "ಮನೆಗೆ ಹೋಗಣ" ಅಂದೆ. "ಹೋಗಣ. ಇದೊಂದು ಮನೆ ನೋಡ್ಕೊಂಡು" ಅಂದಳು.

ಸೆಲ್ವಿ ಬಾಗಿಲಲ್ಲೇ ಕೂತಿದ್ದಳು. ಪಕ್ಕದಲ್ಲಿ ಬನಿಯನ್ನುಗಳ ಗುಡ್ಡೆ, ಕೈಯಲ್ಲಿ ಪುಟ್ಟ ಕತ್ತರಿ, ಹೊಲಿಗೆಯ ತುದಿಯ ನೂಲು ಕತ್ತರಿಸುವ ಕೆಲಸ. ಒಳಗೆ ತೊಲೆಗೆ ಕಟ್ಟಿದ ಸೀರೆಯ ಜೋಲಿ ಮೆಲ್ಲಗೆ ತೂಗುತ್ತಿತ್ತು. ಸ್ಟುಡಿಯೋದವರು ಕಳಿಸಿದರು, ನಮಗೂ ಇಂಥ ಕೆಲಸ ಸಿಗುತ್ತಾ ಅಂತ ಕೇಳಲು ಬಂದೆವು ಎಂದಳು ಈಶ್ವರಿ. ಸೆಲ್ವಿ ನಂಬಿದಳು. ಬಿಸಿಲಲ್ಲಿ ಬಂದಿದ್ದೀರಿ ಎಂದು ಚಾಪೆ ಹಾಸಿ ಇಬ್ಬರಿಗೂ ಮಜ್ಜಿಗೆ ಕೊಟ್ಟಳು. ನಮಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು, ಅಷ್ಟೆ.

"ಅವರು ಬಂದಾಗ ಕೇಳಿ ಹೇಳ್ತೀನಿ ಕಣ್ಣು" ಅಂದಳು, ತಂಗಿಯನ್ನು ಮುದ್ದಿನಿಂದ ಕರೆಯುವಂತೆ. "ಆದ್ರೆ ಮುಂದಿನ ತಿಂಗಳು ಅವರಿರಲ್ಲ. ಕಂಪನಿಯವರು ಸರಕಿನ ಜೊತೆ ಬೊಂಬಾಯಿಗೆ ಕಳಿಸ್ತಾರಂತೆ. ಒಂದು ತಿಂಗಳು."

ನಾನು ಅರ್ಧ ಕುಡಿದ ಮಜ್ಜಿಗೆ ಕೆಳಗಿಟ್ಟೆ. ಈಶ್ವರಿ ಲೋಟ ಪೂರ್ತಿ ಖಾಲಿ ಮಾಡಿ ಕೆಳಗಿಟ್ಟಳು.

"ಅವರು ಬೊಂಬಾಯಿಗೆ ಹೋಗಲ್ಲ ಅಕ್ಕಾ. ಮುಂದಿನ ತಿಂಗಳು ಅವರಿಗೆ ಕಲ್ಯಾಣ. ಹೆಣ್ಣು ನಾನೇ. ನಿಶ್ಚಯ ಆಗಿದೆ. ನಿಮ್ಮ ವಿಷಯ ನನಗೆ ಗೊತ್ತಿರಲಿಲ್ಲ."

ಸೆಲ್ವಿ ಅಳಲಿಲ್ಲ, ಬೈಯಲಿಲ್ಲ. ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡು ಈಶ್ವರಿಯನ್ನೇ ನೋಡಿದಳು. ಆಮೇಲೆ ಕೇಳಿದ್ದು ಒಂದೇ ಮಾತು. "ನಿಶ್ಚಯದ ಸೀರೆ ಗಿಳಿಹಸಿರಾ? ಕುಂಕುಮದ ಬಣ್ಣದ ಅಂಚು?"

ಈಶ್ವರಿ ತಲೆಯಾಡಿಸಿದಳು.

"ತಂಗಿಗೆ ಅಂದ್ರು. ಅಂಗಡಿಯಿಂದ ನಾಲ್ಕು ಸೀರೆ ತಂದು ನನ್ನ ಮುಂದೆ ಹರಡಿ, ನಿನಗೇ ಚೆನ್ನಾಗಿ ಗೊತ್ತಾಗತ್ತೆ, ಆರಿಸು ಅಂದ್ರು. ನಾನೇ ಆರಿಸಿದೆ. ನಾನೇ ಮಡಿಸಿ ಪೆಟ್ಟಿಗೆಗೆ ಇಟ್ಟೆ."

ಜೋಲಿಯೊಳಗೆ ಮಗು ಎದ್ದಿತು. ಅವಳು ಹೋಗಿ ಎತ್ತಿಕೊಂಡಳು. ಹೆಣ್ಣು ಮಗು. ಅದು ನಮ್ಮನ್ನು ನೋಡಿ ನಕ್ಕಿತು, ಒಂದೇ ಕಡೆ ತುಟಿ ಮೇಲೆತ್ತಿ. ನಾನು ಎದ್ದು ಹೊರಗೆ ಬಂದುಬಿಟ್ಟೆ. ಅವರಿಬ್ಬರೂ ಒಳಗೆ ಇನ್ನೂ ಸ್ವಲ್ಪ ಹೊತ್ತು ಮಾತಾಡಿದರು. ಏನೆಂದು ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ.

ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಈಶ್ವರಿ ಕಾಫಿ ಹೇಳಿದಳು. ಅಂಥ ಹೊತ್ತಿನಲ್ಲಿ ಅವಳಿಗೆ ಕಾಫಿ ಬೇಕೆನಿಸಿತಲ್ಲ ಎಂದು ನನಗೆ ಅದೂ ಒಂದು ಆಘಾತ. ಎರಡು ಗುಟುಕು ಕುಡಿದು ಕೇಳಿದಳು.

"ನೀ ನೋಡಿದ್ದೆ ಅಲ್ವಾ? ಅದಕ್ಕೇ ಎಳೆದೆ."

"ಹೂಂ."

"ನಾನು ಬಂದುಬಿಟ್ಟಿದ್ರೆ, ಆಮೇಲೆ ಹೇಳ್ತಿದ್ಯಾ?"

"ಗೊತ್ತಿಲ್ಲ" ಅಂದೆ.

"ಗೊತ್ತಿಲ್ಲ ಅಂದ್ರೆ ಇಲ್ಲ ಅಂತ" ಅಂದಳು. ಸಿಟ್ಟಿಲ್ಲದೆ ಅಂದಳು. ಅದಕ್ಕೇ ಅದು ಇವತ್ತಿಗೂ ಚುಚ್ಚುತ್ತದೆ.

ಸಂಜೆ ಅವರ ಮನೆಯಲ್ಲಿ ನಡೆದದ್ದು ಇನ್ನೊಂದು ಬಗೆ. ಅವಳು ಎಲ್ಲ ಹೇಳಿ ಮುಗಿಸಿದ ಮೇಲೆ ಅವಳಮ್ಮ ಕೇಳಿದ ಮೊದಲ ಪ್ರಶ್ನೆ, "ಪೇಟೆಗೆ ಅಂತ ಹೇಳಿ ಅವಿನಾಶಿಗೆ ಯಾಕೆ ಹೋದ್ರಿ?" ದೊಡ್ಡಪ್ಪ ಎಲೆ ಅಡಿಕೆ ಜಗಿಯುತ್ತಾ, ಪತ್ರಿಕೆ ಅಚ್ಚಾಗಿದೆ, ಗಂಡಸರಿಗೆ ಇವೆಲ್ಲ ಇದ್ದದ್ದೇ, ತಾಳಿ ಬಿದ್ದಮೇಲೆ ಸರಿಹೋಗುತ್ತೆ ಅಂದರು. ಈಶ್ವರಿಯ ಅಪ್ಪ ಮಾತ್ರ ನನ್ನ ಕಡೆ ತಿರುಗಿದರು. "ನೀನೂ ನೋಡಿದ್ಯಾಮ್ಮ? ಅವನೇನಾ? ಅವನ ಹಾಗೇ ಇರೋ ಬೇರೆ ಯಾರಾದ್ರೂ ಇರಬಹುದಲ್ವಾ?"

ಎಲ್ಲರ ಕಣ್ಣೂ ನನ್ನ ಮೇಲೆ. ಇರಬಹುದು ಅಂತ ನಾನೊಂದು ಮಾತು ಹೇಳಲಿ ಎಂದು ಆ ಕೋಣೆಯೇ ಕಾಯುತ್ತಿತ್ತು. ಹಿಂದೆ ನಿಂತಿದ್ದ ನನ್ನ ಅಮ್ಮ ಸೆರಗಿನ ಮರೆಯಲ್ಲಿ ನನ್ನ ತೋಳು ಚಿವುಟಿದರು. ಈಶ್ವರಿ ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಸುಲಭವಾಗುತ್ತಿತ್ತು.

"ಅವರೇ ಮಾಮಾ. ಹುಬ್ಬಿನ ಗಾಯ ನಾ ನಿಶ್ಚಯದ ದಿನಾನೇ ನೋಡಿದ್ದೆ. ಮಗೂನೂ ನೋಡಿದೆ. ಮಗು ಅವರ ಹಾಗೇ ನಗತ್ತೆ."

ಅವಳಪ್ಪ ಎದ್ದು ಗೂಟದಿಂದ ಅಂಗಿ ತೆಗೆದು ಹಾಕಿಕೊಂಡರು. ಮರುದಿನದ ಹೊತ್ತಿಗೆ ಮದುವೆ ನಿಂತಿತ್ತು.

ಗಂಡಿನ ಕಡೆಯವರು ಸುಮ್ಮನಿರಲಿಲ್ಲ. ಹುಡುಗಿ ಊರೂರು ಸುತ್ತಿ ಹೋಟೆಲಲ್ಲಿ ಕೂರುವವಳು ಎಂದು ಸುದ್ದಿ ಹಬ್ಬಿಸಿದರು. ಅವಳಿಗೆ ಏಳು ವರ್ಷ ಗಂಡು ಕೂಡಿಬರಲಿಲ್ಲ. ಅಷ್ಟರಲ್ಲಿ ನನಗೆ ಮದುವೆಯಾಗಿ ಎರಡು ಮಕ್ಕಳು. ಕೊನೆಗೆ ಪೋತ್ತನೂರಿನ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಒಬ್ಬರನ್ನು ಮದುವೆಯಾದಳು. ನಗಿಸುವ ಮನುಷ್ಯ, ಒಳ್ಳೆಯವರು. ಆ ಮದುವೆಯಲ್ಲಿ ನನ್ನನ್ನು ಬೆರಗಾಗಿಸಿದ್ದು ಊಟದ ಪಂಕ್ತಿ. ಎಂಟು ವರ್ಷದ ಮಗಳ ಜೊತೆ ಸೆಲ್ವಿ ಕೂತಿದ್ದಳು, ಗಿಳಿಹಸಿರು ಸೀರೆ ಉಟ್ಟು. ನಟರಾಜು ಅವಳನ್ನೂ ಬಿಟ್ಟುಹೋಗಿದ್ದನಂತೆ. ಆ ಸೀರೆಯನ್ನು ಈಶ್ವರಿ ತಾನೇ ಹೋಗಿ ಕೊಟ್ಟು ಬಂದಿದ್ದಳಂತೆ. "ಅವಳು ಆರಿಸಿದ್ದು, ಅವಳೇ ಉಡಲಿ" ಎಂದು.

ಫೋಟೋ ಬಿದ್ದ ದಿನ ಇದೆಲ್ಲ ನೆನಪಾಗಿ, ಕಸ ಅಲ್ಲೇ ಬಿಟ್ಟು ಈಶ್ವರಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ, ಕೊನೆಗೆ ನಲವತ್ತು ವರ್ಷ ಹೊತ್ತಿದ್ದನ್ನು ಹೇಳಿದೆ. ಅವತ್ತು ನಾನು ನಿನ್ನ ಕೈ ಹಿಡಿದು ಎಳೆಯಬಾರದಿತ್ತು ಅಂದೆ.

ಅವಳು ನಕ್ಕಳು.

"ಹುಚ್ಚೀ, ಆ ಫೋಟೋ ನಿನಗಿಂತ ಮೊದಲು ನಾ ನೋಡಿದ್ದೆ. ಬೀದಿ ದಾಟುವಾಗಲೇ. ಆದ್ರೆ ಅವನ ಮುಖ ನಂಗೆಲ್ಲಿ ಗೊತ್ತಿತ್ತು? ನಿಶ್ಚಯದ ದಿನ ನಾ ನೋಡಿದ್ದು ಅವನ ಕಾಲು ಮಾತ್ರ. ಯಾರೋ ಇರಬಹುದು ಅಂತ ಸುಮ್ಮನಾಗೋಳಿದ್ದೆ. ನೀ ಎಳೆದ್ಯಲ್ಲ, ನಿನ್ನ ಕೈ ಐಸ್ ಆಗಿತ್ತು. ಆಗ ಗೊತ್ತಾಯ್ತು."

ನಾನು ಏನಾದರೂ ಹೇಳುವಷ್ಟರಲ್ಲಿ ಅವಳ ಮನೆಗೆ ಯಾರೋ ಬಂದರು. ಆಮೇಲೆ ಮಾಡ್ತೀನಿ ಎಂದು ಇಟ್ಟಳು. ನಾನು ಪೊರಕೆ ಎತ್ತಿಕೊಂಡು ಉಳಿದ ಗಾಜಿನ ಚೂರುಗಳನ್ನು ಗುಡಿಸತೊಡಗಿದೆ.