ಬಾಗಿಲ ಮೇಲಿನ ಮಾತು

ಶೆಟ್ಟರು ಮೊದಲು ಊಟಕ್ಕೆ ಕರೆದರೋ, ಬರಹ ಓದಿ ನಾನೇ ಮೊದಲು ನಕ್ಕೆನೋ, ಈಗ ಖಚಿತವಿಲ್ಲ. ಕಂಪ್ಲಿಯ ಅಕ್ಕಿ ಗಿರಣಿಯೊಂದರ ಪಕ್ಕದ ಕೋಣೆಯ ಬಾಗಿಲ ಮೇಲೆ ‘ಹಸಿದವರು ಒಳಗ ಬರ್ರಿ’ ಎಂದು ಬರೆದಿತ್ತು.

“ಇಂಥ ಧ್ಯೇಯವಾಕ್ಯ ಮದರಾಸಿನ ನಮ್ಮ ಕಾಲೇಜಿನಲ್ಲೂ ಇದೆ. ಗೋಡೆಯ ಅಂದಕ್ಕಷ್ಟೇ,” ಎಂದೆ.

ಗಿರಣಿಯ ಮುದುಕ ಶೆಟ್ಟರು ಸಿಟ್ಟಾಗಲಿಲ್ಲ. “ಬರಗಾಲದಾಗ ನಮ್ಮವ್ವ ಇಲ್ಲೇ ನಿಂತು ಹಿಂಗ ಕೂಗ್ತಿದ್ಲ್ರಿ. ಆಕಿ ಹೋದಮ್ಯಾಲೆ ಕೂಗೋರಿಲ್ಲಂತ ಬರಸೀನಿ. ಕಾಲೇಜಿನ ಮಾತು ಆಮ್ಯಾಲೆ, ನಿಮ್ಮ ಮುಖ ಭಾಳ ಬಾಡೈತಿ. ಕುಂದ್ರಿ.”

ನಿಜಕ್ಕೂ ಹಸಿದಿದ್ದೆ. ತಲೆ ತಗ್ಗಿಸಿ ಎರಡು ಸಲ ಅನ್ನ ಹಾಕಿಸಿಕೊಂಡೆ. ಉಂಡ ಮೇಲೂ ಆ ಬರಹ ಬರೀ ತೋರಿಕೆಯಿರಬಹುದೆಂಬ ಅನುಮಾನ ಹೋಗಲಿಲ್ಲವೆಂಬುದೇ ನಾಚಿಕೆ. ಮರುದಿನ ಹೊಸಪೇಟೆಗೆ ಹೊರಡುವ ಮುಂಚೆ, ಯಾರೂ ಇಲ್ಲದಾಗ ಹೋಗಿ ಆ ಬಾಗಿಲನ್ನು ತಡಕಿ ನೋಡಿದೆ. ಅದಕ್ಕೆ ಒಳಗೂ ಹೊರಗೂ ಚಿಲಕವಿರಲಿಲ್ಲ.