ಕೋಳಿಯ ತಲೆ ಯಾರ ಕಡೆ

ತನಗೆ ಮೊದಲ ಕೆಲಸ ಕೊಟ್ಟ ಕಾನ್ ಯಜಮಾನರ ಮೇಲೆ ಬಿಂಗ್-ಹುಯ್‌ಗೆ ಇವತ್ತಿಗೂ ಒಂದು ಸಿಟ್ಟಿದೆ. ಯಜಮಾನರು ತೀರಿಕೊಂಡು ಎಷ್ಟೋ ವರ್ಷವಾಯಿತು, ಸಿಟ್ಟು ಮಾತ್ರ ಗಟ್ಟಿಮುಟ್ಟಾಗಿದೆ. ಶೆನ್‌ಗಾಂಗ್ ಊರಲ್ಲಿ ಕಬ್ಬಿಣ ಕಡೆಯುವ ಬೇರೆ ಲೇತ್ ಶೆಡ್ಡಿನವರೆಲ್ಲ ವರ್ಷದ ಕೊನೆಯ ಊಟಕ್ಕೆ ಕೋಳಿ ಬೇಯಿಸಿದರೆ ತಲೆಯನ್ನು ಅಡುಗೆಮನೆಯಲ್ಲೇ ಕಡಿದು ಬಿಸಾಕುತ್ತಿದ್ದರು. ಕೆಲವರಂತೂ ಕೋಳಿಯ ತಂಟೆಯೇ ಬೇಡವೆಂದು ಬಾತು, ಮೀನು ಮಾಡಿಸುತ್ತಿದ್ದರು. ಈ ಮನುಷ್ಯನಿಗೆ ಮಾತ್ರ ಇಡೀ ಕೋಳಿಯೇ ಬೇಕು, ಕುತ್ತಿಗೆ ಕೊಕ್ಕು ಸಮೇತ ತಟ್ಟೆಯಲ್ಲಿ ಕೂತಿರಬೇಕು. ಆ ತಲೆಯೊಂದನ್ನು ಕಡಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಹೀಗೆ ಬೈಯುವಾಗಲೇ ಹುಯ್‌ಗೆ ಒಳಗೆ ಗೊತ್ತಿರುತ್ತದೆ, ಬೈಸಿಕೊಳ್ಳಬೇಕಾದವರು ಯಜಮಾನರಲ್ಲ ಎಂದು. ಅದಕ್ಕೇ ದನಿ ಇನ್ನೂ ಜೋರಾಗುತ್ತದೆ.

ಕೋಳಿಯ ವಿಷಯ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ವರ್ಷದ ಕೊನೆಯಲ್ಲಿ ಭೂಮಿದೇವರಿಗೆ ಊದುಬತ್ತಿ ಹಚ್ಚಿ, ಯಜಮಾನ ತನ್ನ ಆಳುಗಳನ್ನು ಕೂರಿಸಿ ಊಟ ಹಾಕುತ್ತಾನೆ. ಆ ಮೇಜಿನ ಮೇಲೆ ಬಂದ ಕೋಳಿಯ ತಲೆ ಯಾರ ಕಡೆ ಮುಖ ಮಾಡಿದೆಯೋ ಅವನು ಹೊಸ ವರ್ಷದ ಹಬ್ಬ ಕಳೆದ ಮೇಲೆ ಕೆಲಸಕ್ಕೆ ಬರುವ ಹಾಗಿಲ್ಲ. ಯಜಮಾನ ಬಾಯಿ ಬಿಟ್ಟು ಹೇಳಬೇಕಾಗಿಲ್ಲ, ಆಳು ಕೇಳಬೇಕಾಗಿಲ್ಲ. ಕೇಳಿದರೆ ಅವನಿಗೇ ಮರ್ಯಾದೆ ಕಡಿಮೆ. ಕಾನ್ ಯಜಮಾನರು ಯಾರನ್ನೂ ತೆಗೆದವರಲ್ಲ. ಪ್ರತಿ ವರ್ಷ ತಟ್ಟೆಯನ್ನು ತಾವೇ ಈಸಿಕೊಂಡು ತಲೆಯನ್ನು ತಮ್ಮ ಎದೆಗೆ ತಿರುಗಿಸಿ, ಈ ವರ್ಷವೂ ನನ್ನನ್ನೇ ಮನೆಗೆ ಕಳಿಸಬೇಕು ಅಂತಿದೆ ನೋಡ್ರಪ್ಪ ಇದು, ಎಂದು ನಗುತ್ತಿದ್ದರು. ಆ ಒಂದು ತಮಾಷೆಗಾಗಿಯೇ ಅವರಿಗೆ ತಲೆ ಬೇಕಾಗಿತ್ತು.

ಹುಯ್‌ನ ಊರು ಯುನ್ಲಿನ್‌ನ ಕಡಲ ಕಡೆ. ಅಮ್ಮ ಸಿಂಪಿ ಬಿಡಿಸುವ ಕೂಲಿ ಮಾಡುತ್ತಿದ್ದಳು, ಅವನು ಆರನೇ ಇಯತ್ತೆಗೆ ಶಾಲೆ ಬಿಟ್ಟಿದ್ದ. ಬಸ್ಸು ಹತ್ತಿಸುವಾಗ ಅಮ್ಮ ಹೇಳಿದ್ದು ಇಷ್ಟೇ, ಹೇಳಿಸಿಕೊಳ್ಳೋ ಮುಂಚೆ ಕೆಲಸ ಮಾಡು, ಕೇಳೋ ತನಕ ಬಾಯಿ ಬಿಡಬೇಡ. ಹುಯ್ ಅದನ್ನು ದೇವರ ಮಾತಿನ ಹಾಗೆ ಹಿಡಿದುಕೊಂಡ. ಎಲ್ಲರಿಗಿಂತ ಮುಂಚೆ ಬಂದು ಶೆಡ್ಡಿನ ಶಟರ್ ಎತ್ತುವವನು ಅವನೇ. ಯಜಮಾನರು ಜೇಬಿಗೆ ಕೈ ಹಾಕುವಷ್ಟರಲ್ಲಿ ಇವನ ಲೈಟರ್ ಹೊತ್ತಿರುತ್ತಿತ್ತು. ಲಾರಿ ಬಂದರೆ ಊಟ ಬಿಟ್ಟು ಓಡುತ್ತಿದ್ದ. ಯಾರ ಮೇಲೂ ಚಾಡಿ ಹೇಳುತ್ತಿರಲಿಲ್ಲ, ಯಾರ ಜಗಳಕ್ಕೂ ಹೋಗುತ್ತಿರಲಿಲ್ಲ. ಆಗ ಅವನಿಗೆ ಇಷ್ಟು ಸಿಟ್ಟು ಇರಲಿಲ್ಲ. ಸಿಟ್ಟು ಆಮೇಲೆ ಬಂತು.

ಕೆಲಸ ಕಲಿಸಿದವನು ದೊಡ್ಡ ಮೇಸ್ತ್ರಿ ತೂ ಸುಯ್-ಗ್ವಾನ್. ಎಲ್ಲರಿಗೂ ಗ್ವಾನಣ್ಣ. ಬೇರೆ ಮೇಸ್ತ್ರಿಗಳು ಟೂಲಿಗೆ ಸಾಣೆ ಹಿಡಿಯುವಾಗ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು, ಎಲ್ಲಿ ಹುಡುಗರು ಕಲಿತು ತಮ್ಮ ಅನ್ನಕ್ಕೆ ಕೈ ಹಾಕುತ್ತಾರೋ ಎಂದು. ಗ್ವಾನಣ್ಣ ಹುಯ್‌ನ ಕೈಯನ್ನೇ ತನ್ನ ಕೈಯೊಳಗೆ ಇಟ್ಟುಕೊಂಡು ಸಾಣೆಕಲ್ಲಿಗೆ ಒತ್ತುತ್ತಿದ್ದ. ಬಾಯಲ್ಲಿ ಸದಾ ಎಲೆಯಡಿಕೆ, ನಾಲಗೆಯಲ್ಲಿ ಸದಾ ತಮಾಷೆ. ಹುಯ್ ಓಡಾಡುವುದನ್ನು ನೋಡಿ, ಇವನ ಕೈಗೆ ಯಾರಾದ್ರೂ ಒಂದು ಬ್ರೇಕ್ ಹಾಕಿಸ್ರೋ, ಒಂದಿನ ಯಾರಿಗೋ ಗುದ್ದುತ್ತೆ, ಎನ್ನುತ್ತಿದ್ದ. ಅವನ ಮಗಳಿಗೆ ಉಬ್ಬಸ. ರಾತ್ರಿಯೆಲ್ಲ ಎತ್ತಿಕೊಂಡು ಕೂತು ಕೆಲವು ದಿನ ತಡವಾಗಿ ಬರುತ್ತಿದ್ದ. ತಡವಾದ ದಿನ ಎಲ್ಲರೂ ಹೋದ ಮೇಲೂ ನಿಂತು ಕೆಲಸ ಮುಗಿಸಿಯೇ ಹೋಗುತ್ತಿದ್ದ. ಯಜಮಾನರು ಒಂದು ದಿನವೂ ಅದರ ಬಗ್ಗೆ ಮಾತಾಡಿದ್ದಿಲ್ಲ. ಇದು ಹುಯ್‌ಗೆ ಚೆನ್ನಾಗಿ ಗೊತ್ತಿತ್ತು.

ಆ ವರ್ಷದ ಊಟದ ಹೊತ್ತಿಗೆ ಸೈಕಲ್ ಬಿಡಿಭಾಗಗಳ ಆರ್ಡರ್ ಮೇಲೆ ಆರ್ಡರ್ ಬರುತ್ತಿತ್ತು, ಎಲ್ಲರ ಮುಖದಲ್ಲೂ ಗೆಲುವಿತ್ತು. ಲೇತ್‌ಗಳನ್ನು ಒರೆಸಿ, ಶೆಡ್ಡಿನ ನಡುವೆಯೇ ದುಂಡು ಮೇಜು ಹಾಕಿದ್ದರು. ಯಜಮಾನರ ಕುರ್ಚಿಗೆ ಎದುರಾಗಿ, ಬಾಗಿಲ ಕಡೆ, ಗ್ವಾನಣ್ಣನ ಜಾಗ. ಹಂದಿಮಾಂಸ ತುಂಬಿದ ಬನ್ನು ಖಾಲಿಯಾಗಿ ಸಾರಾಯಿ ಒಂದು ಸುತ್ತು ಬಂದಿತ್ತು. ಅಷ್ಟರಲ್ಲಿ ಯಾರೋ ಗಿರಾಕಿ ಬಂದರೆಂದು ಯಜಮಾನರು ಎದ್ದು ಹೊರಗೆ ಹೋದರು. ಗ್ವಾನಣ್ಣ ಅಡಿಕೆ ಉಗಿಯಲು ಚರಂಡಿಯ ಹತ್ತಿರ ಹೋದ. ಅದೇ ಹೊತ್ತಿಗೆ ಅಮ್ಮಾವ್ರು, ಅಂದರೆ ಯಜಮಾನರ ಹೆಂಡತಿ, ಹೊಗೆಯಾಡುವ ಕೋಳಿಯ ತಟ್ಟೆ ಹಿಡಿದು ಒಳಗಿನಿಂದ ಬಂದರು. ಅವರ ಬೆರಳು ಸುಡುತ್ತಿತ್ತು.

ಹುಯ್ ಕೂತಿರುತ್ತಾನೆಯೇ? ಛಂಗನೆ ಎದ್ದು ತಟ್ಟೆ ಈಸಿಕೊಂಡ. ಕೊಬ್ಬಿದ ತೊಡೆ ಯಜಮಾನರ ಕೈಗೆ ಮೊದಲು ಸಿಗಲಿ ಎಂದು ತೊಡೆಯ ಭಾಗವನ್ನು ಅವರ ಕುರ್ಚಿಯ ಕಡೆ ಮಾಡಿ ಇಟ್ಟ. ಅಷ್ಟೇ ಅವನ ತಲೆಯಲ್ಲಿ ಇದ್ದದ್ದು. ಇಟ್ಟು, ಅಮ್ಮಾವ್ರ ಹಿಂದೆ ಸಾರಿನ ಪಾತ್ರೆ ತರಲು ಓಡಿದ. ಮೇಜಿನಲ್ಲಿದ್ದ ಉಳಿದಿಬ್ಬರು ಯಜಮಾನರೇ ಹೇಳಿ ಹಾಗೆ ಇಡಿಸಿರಬೇಕೆಂದುಕೊಂಡು ಲೋಟದೊಳಗೆ ಕಣ್ಣು ನೆಟ್ಟರು.

ಸಾರು ಹಿಡಿದು ಬಂದ ಹುಯ್ ನೋಡಿದ್ದು ಇದು. ಗ್ವಾನಣ್ಣ ತನ್ನ ಜಾಗದಲ್ಲಿ ಕೂತಿದ್ದಾನೆ. ಕೋಳಿ ಅವನನ್ನೇ ದಿಟ್ಟಿಸುತ್ತಿದೆ. ಅವನು ಖಾಲಿ ಕುರ್ಚಿಯನ್ನೊಮ್ಮೆ ನೋಡಿದ. ಮುಖ ನೋಡಲಾಗದೆ ಯಜಮಾನರು ಎದ್ದು ಹೋಗಿದ್ದಾರೆ ಎಂದುಕೊಂಡಿರಬೇಕು. ಆಮೇಲೆ ಚಾಪ್‌ಸ್ಟಿಕ್‌ನಿಂದ ತಲೆಯನ್ನು ಮುರಿದು ತನ್ನ ಬಟ್ಟಲಿಗೆ ಹಾಕಿಕೊಂಡು ಮೆಲ್ಲಗೆ ತಿಂದ. ಮೂಳೆಯನ್ನೂ ಬಿಡಲಿಲ್ಲ.

ಯಜಮಾನರು ಮರಳಿದಾಗ ತಲೆಯೇ ಇರಲಿಲ್ಲ. ನನ್ನ ತಮಾಷೆ ಕದ್ದುಬಿಟ್ರಲ್ಲೋ ಕಳ್ಳರಾ, ಎಂದು ನಕ್ಕು ತೊಡೆಗೆ ಕೈ ಹಾಕಿದರು. ಮುಜುಗರ ಮುಚ್ಚಲು ಯಜಮಾನರು ಆಡಿದ ಮಾತೆಂದುಕೊಂಡನೋ ಏನೋ, ಗ್ವಾನಣ್ಣ ಎದ್ದು ನಿಂತು ಎರಡೂ ಕೈಯಲ್ಲಿ ಲೋಟ ಹಿಡಿದು, ಇಷ್ಟು ವರ್ಷ ನೋಡಿಕೊಂಡ್ರಿ ಯಜಮಾನ್ರೇ, ಎಂದು ಕುಡಿದ. ಅವರು ಅದನ್ನು ಹಬ್ಬದ ಮಾತು ಎಂದುಕೊಂಡರು. ತಾನು ಮಾಡಿದ್ದೇನೆಂದು ಹುಯ್‌ಗೆ ಆಗ ಹೊಳೆಯಿತು. ಆಗಲೇ ಹೇಳಬಹುದಿತ್ತು. ಒಂದು ನಗೆಯಲ್ಲಿ ಮುಗಿದುಹೋಗುತ್ತಿತ್ತು. ಕೇಳೋ ತನಕ ಬಾಯಿ ಬಿಡಬಾರದಲ್ಲ, ಬಿಡಲಿಲ್ಲ.

ಹೊಸ ವರ್ಷದ ರಜೆ ಮುಗಿದು, ಪಟಾಕಿ ಹಚ್ಚಿ ಶಟರ್ ಎತ್ತಿದ ದಿನ ಗ್ವಾನಣ್ಣ ಬರಲಿಲ್ಲ. ಮರುದಿನವೂ ಇಲ್ಲ. ಯಜಮಾನರು ಒಂದು ಚೀಲ ಕಿತ್ತಳೆ ಕೊಟ್ಟು, ಮಗಳಿಗೆ ಹುಷಾರಿಲ್ಲವೋ ಏನೋ, ನೋಡಿಕೊಂಡು ಬಾ, ಎಂದು ಹುಯ್‌ನನ್ನೇ ಕಳಿಸಿದರು.

ದಾರಿಯುದ್ದಕ್ಕೂ ಹುಯ್ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡ. ಅಣ್ಣ, ತಟ್ಟೆ ಇಟ್ಟಿದ್ದು ನಾನು, ಗೊತ್ತಿಲ್ಲದೆ ಆಯ್ತು, ಬಾ ಹೋಗೋಣ. ಕಷ್ಟದ ಮಾತೇನಲ್ಲ. ಆದರೆ ಅವತ್ತು ಬೆಳಿಗ್ಗೆ ಯಜಮಾನರು ಇನ್ನೊಂದು ಮಾತು ಆಡಿದ್ದರು. ಅವನು ಬರೋ ತನಕ ದೊಡ್ಡ ಲೇತ್ ನೀನು ನೋಡ್ಕೋ. ಆ ಲೇತಿನ ಹಿಡಿ ತಿರುಗಿಸಿದಾಗ ಅಂಗೈಯಲ್ಲಿ ಆದ ಝುಮ್ಮೆನ್ನುವ ಖುಷಿ ಇನ್ನೂ ಆರಿರಲಿಲ್ಲ.

ಗ್ವಾನಣ್ಣ ಮನೆಯ ಮುಂದೆ ಮಗಳ ಕಂಬಳಿ ಒಣಹಾಕುತ್ತಿದ್ದ. ಕಿತ್ತಳೆ ನೋಡಿ, ಲೆಕ್ಕ ಚುಕ್ತಾ ಮಾಡೋಕೆ ಹಣ್ಣು ಬೇರೆ ಕಳಿಸಿದ್ರಾ, ಒಳ್ಳೆ ಮನುಷ್ಯ, ಎಂದ. ಹುಯ್‌ಗೆ ಸ್ಟೂಲು ಹಾಕಿದ, ಚಹಾ ಕೊಟ್ಟ. ಆಮೇಲೆ ಮುಖ ಕೆಳಗೆ ಹಾಕಿ ಕೇಳಿದ.

"ಹುಯ್, ನೀನು ಯಜಮಾನ್ರ ಪಕ್ಕದಲ್ಲೇ ಇರೋನು. ನಿನಗೆ ಗೊತ್ತಿರುತ್ತೆ. ನಂದು ಏನು ತಪ್ಪಾಯ್ತು ಹೇಳೋ. ಬೇಜಾರಿಲ್ಲ ನಂಗೆ. ಗೊತ್ತಾದ್ರೆ ಸಾಕು."

ಹುಯ್‌ನ ಬಾಯಿ ತೆರೆಯಿತು. ಜೋಡಿಸಿಕೊಂಡಿದ್ದ ಮಾತು ಬರಲಿಲ್ಲ.

"ನೀನು ತಡವಾಗಿ ಬರ್ತಿದ್ದೆ ಅಲ್ವಾ ಅಣ್ಣ," ಎಂದ.

ಗ್ವಾನಣ್ಣ ಕಂಬಳಿಯ ಕಡೆ ನೋಡಿದ. ಬಾಗಿಲೊಳಗೆ ಮಗು ಕೆಮ್ಮಿತು. "ನಾನೂ ಅದೇ ಅಂದ್ಕೊಂಡೆ," ಎಂದು ತಲೆಯಾಡಿಸಿದ. ಹೊರಡುವಾಗ ಹುಯ್‌ನ ಬೆನ್ನು ತಟ್ಟಿ, ನೀನು ಮಾತ್ರ ಈ ಅಭ್ಯಾಸ ಕೆಡಿಸ್ಕೋಬೇಡ, ಮುಂದೆ ಬರ್ತೀಯ, ಎಂದ.

ಶೆಡ್ಡಿಗೆ ಬಂದು ಹುಯ್ ಹೇಳಿದ್ದು ಇನ್ನೂ ಚಿಕ್ಕ ಮಾತು. ಗ್ವಾನಣ್ಣ ಬರಲ್ಲವಂತೆ. ಯಜಮಾನರ ಮುಖ ಕೆಂಪಾಯಿತು. ನಾನೇನು ಅವನ ಕೈಕಾಲು ಕಟ್ಟಿಹಾಕಿದ್ನಾ, ಹೋಗ್ತೀನಿ ಅಂತ ಒಂದು ಮಾತು ಹೇಳೋಕಾಗಲಿಲ್ವಾ, ಎಂದು ಗೊಣಗಿ ಒಳಗೆ ಹೋದರು. ತಾವಾಗಿ ಹೋಗಿ ಕೇಳುವ ಪೈಕಿಯಲ್ಲ ಅವರು. ಬಿಟ್ಟು ಹೋದವನ ಬಾಗಿಲಿಗೆ ಯಾವ ಯಜಮಾನ ಹೋಗುತ್ತಾನೆ?

ಅಲ್ಲಿಂದ ಹುಯ್ ಮೇಲೇರಿದ. ಅದರಲ್ಲಿ ಸುಳ್ಳೇನಿಲ್ಲ, ದುಡಿದೇ ಏರಿದ. ದೊಡ್ಡ ಮೇಸ್ತ್ರಿಯಾದ. ಆಮೇಲೆ ಯಜಮಾನರು ತಮ್ಮ ಹಳೆಯ ಲೇತೊಂದನ್ನು ಕೊಟ್ಟು, ಅಳಿಯನಿಗೆ ಹೇಳುವ ಹಾಗೆ ಬುದ್ಧಿ ಹೇಳಿ, ಬೇರೆ ಶೆಡ್ಡು ಹಾಕಿಕೊಟ್ಟರು. ಅದು ಬೆಳೆಯಿತು. ಒಮ್ಮೆ ಪಕ್ಕದ ಊರಿನ ತಾಂತ್ರಿಕ ಶಾಲೆಯವರು ಕರೆದು, ಬರಿಗೈಯಲ್ಲಿ ಬಂದವರು ಯಜಮಾನರಾಗಿದ್ದು ಹೇಗೆ, ಯಾವ ಅಭ್ಯಾಸಗಳಿಂದ, ನಮ್ಮ ಹುಡುಗರಿಗೆ ಹೇಳಿ ಎಂದರು. ಹುಯ್ ಅಮ್ಮನ ಎರಡು ಮಾತು ಹೇಳಿದ. ಹೇಳಿಸಿಕೊಳ್ಳುವ ಮೊದಲೇ ಮಾಡಬೇಕು. ಕೇಳದೆ ಬಾಯಿ ಬಿಡಬಾರದು. ಹುಡುಗರು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಹಲಗೆಯ ಮೇಲೆ ಬರೆದೂ ಬರೆದರು. ಬರೆದದ್ದನ್ನು ನೋಡುತ್ತ ಹುಯ್‌ಗೆ ಎದ್ದು ಹೋಗಿ ತೋಳಿನಿಂದ ಒರೆಸಿಬಿಡಬೇಕು ಅನ್ನಿಸಿತು. ಮನೆಗೆ ಬಂದು ಕಾರಣವಿಲ್ಲದೆ ಹೆಂಡತಿಯ ಮೇಲೆ ಕೂಗಾಡಿದ.

ತನ್ನ ಶೆಡ್ಡಿನ ವರ್ಷದ ಊಟದಲ್ಲಿ ಅವನು ಕೋಳಿ ಮಾಡಿಸುವುದಿಲ್ಲ. ಒಂದು ವರ್ಷ ಅಡುಗೆಯವನು ಮರೆತು ತಂದದ್ದಕ್ಕೆ ತಟ್ಟೆ ಸಮೇತ ಬೀದಿಗೆ ಎಸೆದ. ಆಳುಗಳು ಹಿಂದಿನಿಂದ ಆಡಿಕೊಳ್ಳುತ್ತಾರೆ, ನಮ್ಮ ಯಜಮಾನ್ರಿಗೆ ಹೋದ ಜನ್ಮದಲ್ಲಿ ಕೋಳಿ ಕುಕ್ಕಿರಬೇಕು ಎಂದು.

ಗ್ವಾನಣ್ಣನಿಗೆ ಶೆನ್‌ಗಾಂಗ್‌ನ ಯಾವ ಶೆಡ್ಡಿನಲ್ಲೂ ಮೇಸ್ತ್ರಿ ಕೆಲಸ ಸಿಗಲಿಲ್ಲ. ಕೋಳಿಯ ಸುದ್ದಿ ಯಜಮಾನರ ಬೆನ್ನ ಹಿಂದೆ ಹಬ್ಬಿತ್ತು, ಕಾನ್ ಅಂಥವರೇ ತೆಗೆದರೆಂದ ಮೇಲೆ ಏನೋ ದೊಡ್ಡ ತಪ್ಪೇ ಇರಬೇಕು ಅಂದುಕೊಂಡರು ಜನ. ಕೊನೆಗೆ ಊರಾಚೆಯ ಟೈರ್ ಕಾರ್ಖಾನೆಯಲ್ಲಿ ಮಾಲು ಹೊರುವ ಕೆಲಸಕ್ಕೆ ಸೇರಿದ. ಹುಯ್ ಮುಂಜಾನೆ ಆ ದಾರಿಯಲ್ಲಿ ಹೋಗುವಾಗ ಅವನನ್ನು ನೋಡುತ್ತಿದ್ದ. ಗೇಟು ಇನ್ನೂ ತೆರೆದಿರುವುದಿಲ್ಲ, ಕಾವಲುಗಾರ ಇನ್ನೂ ಆಕಳಿಸುತ್ತಿರುತ್ತಾನೆ. ಗ್ವಾನಣ್ಣ ಮಾತ್ರ ತನ್ನ ಹಳೆಯ ಮೋಟಾರು ಸೈಕಲ್ಲಿನ ಮೇಲೆ, ಕಾಲು ಕೆಳಗೆ ಊರಿ, ಗೇಟಿನ ಕಡೆ ಮುಖ ಮಾಡಿ ಕೂತಿರುತ್ತಿದ್ದ. ಮಳೆ ಬಂದರೆ ಮಳೆಯಲ್ಲೇ. ಆಮೇಲೆ ಹುಯ್ ಬೇರೆ ದಾರಿ ಹಿಡಿದ.

ಯಜಮಾನರು ತೀರಿಕೊಂಡಾಗ ಅಂಗಳದಲ್ಲಿ ಬಿಳಿ ಬಟ್ಟೆಯ ಚಪ್ಪರ ಹಾಕಿದ್ದರು. ಗ್ವಾನಣ್ಣ ಬಂದ. ಕೂದಲು ನೆರೆತಿತ್ತು, ಒಂದು ಭುಜ ಇಳಿದಿತ್ತು. ಫೋಟೋ ಮುಂದೆ ಊದುಬತ್ತಿ ಹಿಡಿದು ಬಹಳ ಹೊತ್ತು ನಿಂತ. ಆಮೇಲೆ ಹುಯ್‌ನ ಪಕ್ಕ ಬಂದು ಕೂತ.

"ಅವತ್ತು ನನ್ನ ಮುಖಕ್ಕೆ ನಿಜ ಹೇಳ್ದೋನು ನೀನೊಬ್ನೇ ಕಣೋ," ಎಂದ. "ಆವತ್ತಿನಿಂದ ಒಂದಿನಾನೂ ತಡ ಮಾಡಿಲ್ಲ ನಾನು. ಮಗಳ ಮದುವೆಗೂ ಎಲ್ಲರಿಗಿಂತ ಮೊದ್ಲು ಹೋಗಿ ನಿಂತಿದ್ದೆ, ಊಟದ ಮಂಟಪದ ಬಾಗಿಲೇ ತೆಗೆದಿರ್ಲಿಲ್ಲ." ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ದನಿ ತಗ್ಗಿಸಿದ. "ಅವಳಿಗೆ ಉಬ್ಬಸ ಬಂದು ಒದ್ದಾಡೋವಾಗ್ಲೂ ಬಿಟ್ಟು ಹೋಗ್ತಿದ್ದೆ. ಅದನ್ನ ಅವಳು ಮರೆತಿಲ್ಲ. ನನ್ನ ಹತ್ರ ಜಾಸ್ತಿ ಮಾತಾಡಲ್ಲ. ಏನ್ ಮಾಡೋದು, ಕೆಲಸ ಉಳೀಬೇಕಲ್ಲ."

ಇದು ಹುಯ್‌ಗೆ ಗೊತ್ತಿರಲಿಲ್ಲ. ತಾನು ಒಬ್ಬ ಮೇಸ್ತ್ರಿಯ ಕೆಲಸ ಕಸಿದಿದ್ದೇನೆ ಎಂದಷ್ಟೇ ಅಂದುಕೊಂಡಿದ್ದ.

ಗ್ವಾನಣ್ಣ ಅಮ್ಮಾವ್ರ ಕಡೆ ನೋಡಿ, ಹೋಗಿ ಎರಡು ಮಾತಾಡಿಸಲೇ ಎಂದು ಕೇಳಿದ. ಅವರಿಬ್ಬರು ಮಾತಿಗೆ ಕೂತರೆ ಎಲ್ಲ ಬಯಲಾಗುತ್ತಿತ್ತು. ಈಗ ಬೇಡ ಅಣ್ಣ, ಅವರಿಗೆ ಸುಸ್ತಾಗಿದೆ, ಎಂದ ಹುಯ್. ಗ್ವಾನಣ್ಣ ಅದನ್ನೂ ನಂಬಿದ. ಪಾಳಿಗೆ ಹೊತ್ತಾಯಿತೆಂದು ಎದ್ದು ಹೋದ.

ಅವನು ಹೋದ ಮೇಲೆ ಅಮ್ಮಾವ್ರು ಕಣ್ಣು ಒರೆಸಿಕೊಳ್ಳುತ್ತ ಹುಯ್‌ನನ್ನು ಕರೆದರು. "ಬಂದೋನು ಸುಯ್-ಗ್ವಾನ್ ಅಲ್ವಾ? ಆಸ್ಪತ್ರೆಲಿ ಮಲಗಿದ್ದಾಗ ಇವ್ರು ಕೇಳ್ತಾನೇ ಇದ್ರು, ಅವನಿಗೆ ನಾನು ಏನು ಕಮ್ಮಿ ಮಾಡಿದ್ದೆ ಅಂತ. ನಿಂಗೇನಾದ್ರೂ ಗೊತ್ತಾ?"

"ಇಲ್ಲ ಅಮ್ಮಾವ್ರೇ," ಎಂದ ಹುಯ್.

ಅರ್ಧ ಋಣ ಯಜಮಾನರ ಜೊತೆ ಮಣ್ಣಿಗೆ ಹೋಯಿತು. ಉಳಿದರ್ಧವನ್ನು ತೀರಿಸಲು ಹುಯ್ ಪ್ರತಿ ಹೊಸ ವರ್ಷಕ್ಕೂ ಗ್ವಾನಣ್ಣನ ಮನೆಗೆ ಒಣಸಿಂಪಿಯ ಡಬ್ಬಿ ಕಳಿಸುತ್ತಾನೆ, ಊರಲ್ಲೇ ದುಬಾರಿಯದ್ದು. ಆ ಮನೆಯವರು ಮರ್ಯಾದಸ್ತರು, ಯಾರ ಹಂಗನ್ನೂ ಇಟ್ಟುಕೊಳ್ಳುವವರಲ್ಲ. ವಾರದೊಳಗೆ ಅಷ್ಟೇ ಬೆಲೆಯ ಅನಾನಸ್ ಕೇಕಿನ ಪೆಟ್ಟಿಗೆ ತಿರುಗಿ ಬರುತ್ತದೆ. ಈ ವರ್ಷವೂ ಬಂತು. ಮೇಲೊಂದು ಚೀಟಿ ಅಂಟಿಸಿತ್ತು, ನಮ್ಮ ಹುಯ್‌ಗೆ, ಎಂದು ಗ್ವಾನಣ್ಣನ ಸೊಟ್ಟ ಅಕ್ಷರದಲ್ಲಿ. ಹೆಂಡತಿ ಬಿಚ್ಚಿ ಮಕ್ಕಳಿಗೆ ಹಂಚಿದಳು. ಹುಯ್ ಒಂದನ್ನೂ ಮುಟ್ಟಲಿಲ್ಲ. ಹೇಳಬೇಕಾದ ಆ ಒಂದು ಮಾತು ಇನ್ನೂ ಬಾಕಿಯಿದೆ.